ಇಪ್ಪತ್ತೆರಡನೇ ಲೆವೆಲ್ಲಿನ ಹಾಡು

ಮಂದಾಕಿನಿ ಹೊಂಬಳ ಎಂಬಾಕೆ ಮಾಡಿಕೊಂಡು ಬಂದಿದ್ದ ಚಂದದ ಪರದೆ ಹೊನ್ನೇಕಲ್ಲು ಚಿನ್ನದ ಗಣಿಯಲ್ಲಿ ಹತ್ತು ನಿಮಿಷವೂ ಬಾಳಲಿಲ್ಲ.

‘ಗುನುಗು’ ಎಂಬ ಆನ್‌ಲೈನ್ ಸಂಗೀತ ಸೇವೆಯಲ್ಲಿ ಅವಳದು ವಿನ್ಯಾಸದ ಕೆಲಸ. ಹಾಡು ಕೇಳುವವರ ಕಣ್ಣಿಗೆ ಮೊದಲು ಏನು ಬೀಳಬೇಕು, ಬೆರಳು ಎಲ್ಲಿಗೆ ಹೋಗಬೇಕು, ಎಷ್ಟು ಸಲ ಒತ್ತಿದರೆ ಬೇಕಾದ ಹಾಡು ಸಿಗಬೇಕು ಎಂದು ಒಂಬತ್ತು ವರ್ಷಗಳಿಂದ ತಲೆ ಕೆಡಿಸಿಕೊಂಡವಳು. ಗಣಿಯವರು ತಮ್ಮ ಕೆಲಸಗಾರರಿಗೂ ಹಾಡು ಬೇಕೆಂದಾಗ ಕಂಪನಿ ಅವಳನ್ನೇ ಕಳಿಸಿತು. ಮಣಿಕಟ್ಟಿಗೆ ಕಟ್ಟಿಕೊಳ್ಳುವ ಪುಟ್ಟ ಪರದೆ, ಅದರಲ್ಲಿ ಬಣ್ಣಬಣ್ಣದ ಚಿತ್ರಗಳು. ಸಾವಿರದ ಮುನ್ನೂರು ಮೀಟರ್ ಕೆಳಗೆ, ಇಪ್ಪತ್ತೆರಡನೇ ಲೆವೆಲ್ಲಿನ ಸುರಂಗದಲ್ಲಿ, ಅದನ್ನು ಮೊದಲು ಕಟ್ಟಿಕೊಂಡವನು ಹುಲಿಗೆಪ್ಪ ಎಂಬ ಡ್ರಿಲ್ಲರ್. ನಲವತ್ತೊಂದರ ಗಟ್ಟಿ ಆಸಾಮಿ. ಡ್ರಿಲ್ ಶುರುವಾದದ್ದೇ ಪರದೆಯ ಮೇಲೆ ಕೆಸರು ಸಿಡಿಯಿತು. ಅವನು ಕೈಗವಸಿನಿಂದ ಒರೆಸಿದ, ಕೆಸರು ಇನ್ನಷ್ಟು ಹರಡಿತು. ಒತ್ತಿದ, ಬೇರೇನೋ ಹಾಡು ಬಂತು.

ಅವನು ಯಂತ್ರ ನಿಲ್ಲಿಸಿ ನಕ್ಕ. “ಮೇಡಮ್ಮೋರೆ, ಇಲ್ಲಿ ಕಣ್ಣು ನೆತ್ತಿ ಮ್ಯಾಲಿನ ಕಲ್ಲಿನ ಕಡೆ ಇರಬೇಕ್ರಿ. ಎರಡೂ ಕೈಯಾಗ ಮಷೀನು. ಇದನ್ನ ಯಾವಾಗ ನೋಡ್ಲಿ?”

ಅವಳು ಅವನ ಮಣಿಕಟ್ಟಿನಿಂದ ಪರದೆ ಬಿಚ್ಚಿಕೊಂಡಳು.

ಮೊದಲು ಒಂದು ಸುರಂಗದಲ್ಲಿ ಇಪ್ಪತ್ತು ಜನ ಒಟ್ಟಿಗೆ ಇರುತ್ತಿದ್ದರು. ಹೊಸ ಯಂತ್ರಗಳು ಬಂದ ಮೇಲೆ ಒಂದು ಯಂತ್ರಕ್ಕೆ ಒಬ್ಬ, ಹೆಚ್ಚೆಂದರೆ ಇಬ್ಬರು. ಎಂಟು ತಾಸು ಮಾತಿಲ್ಲ, ಮುಖವಿಲ್ಲ. ಮೇಲೆ ಬಂದವರು ಹೆಂಡತಿ ಮಕ್ಕಳ ಜೊತೆಗೂ ಮಾತು ಮರೆತವರಂತೆ ಕೂರತೊಡಗಿದಾಗ ಗಣಿಯ ಡಾಕ್ಟರು ಗಾಬರಿಯಾಗಿದ್ದರು. ಹಾಡಿನ ಯೋಚನೆ ಹುಟ್ಟಿದ್ದು ಆಗ.

ಆದರೆ ಅಷ್ಟು ಆಳಕ್ಕೆ ಇಂಟರ್ನೆಟ್ ಇಳಿಯುವುದಿಲ್ಲ. ನಮ್ಮ ಫೋನುಗಳ ಅಲೆಗಳು ಬಂಡೆಗೆ ಬಡಿದಲ್ಲೇ ಸತ್ತುಹೋಗುತ್ತವೆ. ಬಂಡೆಯನ್ನು ದಾಟುವುದು ತೀರ ನಿಧಾನವಾಗಿ ಕಂಪಿಸುವ ಅಲೆಗಳು ಮಾತ್ರ. ಅವು ಹೊರುವ ಭಾರವೂ ಅಷ್ಟಕ್ಕಷ್ಟೆ: ಒಂದು ಸೆಕೆಂಡಿಗೆ ಎರಡೋ ಮೂರೋ ಅಂಕಿ. ಗಣಿಯ ಸುರಕ್ಷಾ ಸಂದೇಶಗಳಿಗೆಂದು ಇಂಥದೊಂದು ವ್ಯವಸ್ಥೆ ಆಗಲೇ ಇತ್ತು. ಅದರಲ್ಲಿ ಹಾಡನ್ನು ಕಳಿಸುವುದೆಂದರೆ ಸೂಜಿಯ ಕಣ್ಣಲ್ಲಿ ಎಮ್ಮೆ ತೂರಿಸಿದಂತೆ.

ಮಂದಾಕಿನಿ ಗಣಿ ಕಾಲೊನಿಯಲ್ಲೇ ಉಳಿದಳು. ಹುಲಿಗೆಪ್ಪನ ಹೆಂಡತಿ ದ್ಯಾವಮ್ಮ ಅಲ್ಲೊಂದು ಖಾನಾವಳಿ ನಡೆಸುತ್ತಿದ್ದಳು. ಎರಡು ಹೊತ್ತೂ ಊಟ ಅಲ್ಲೇ. ಒಂದು ಮಧ್ಯಾಹ್ನ ಮಂದಾಕಿನಿ ತಟ್ಟೆಯ ಮುಂದೆ ಸುಮ್ಮನೆ ಕುಳಿತಿದ್ದಾಗ ಹುಲಿಗೆಪ್ಪ ಪಾಳಿ ಮುಗಿಸಿ ಬಂದ. ಹೆಂಡತಿ ಒಳಗೆ ಯಾವುದೋ ಪದ ಹಾಡಿಕೊಳ್ಳುತ್ತಿದ್ದಳು. ಅವನು ಬಾಗಿಲ ಚೌಕಟ್ಟಿಗೆ ಬೆರಳ ಗಂಟಿನಿಂದ ಟಕ್ ಎಂದು ಬಡಿದ. ಅವಳು ಆ ಪದ ಬಿಟ್ಟು ಬೇರೆಯದನ್ನು ಎತ್ತಿಕೊಂಡಳು.

“ಇದೇನ್ರಿ ಹುಲಿಗೆಪ್ಪಣ್ಣ?” ಮಂದಾಕಿನಿ ಕೇಳಿದಳು.

“ಏನಿಲ್ರಿ. ಆ ಹಾಡು ಬ್ಯಾಡ, ಬ್ಯಾರೆ ಹಾಡು ಅಂತ. ಬಾಯಿ ಬಿಟ್ಟು ಅಂದ್ರ ಸಿಟ್ಟಿಗೇಳ್ತಾಳ.”

ಮಂದಾಕಿನಿ ಊಟ ಅರ್ಧಕ್ಕೆ ಬಿಟ್ಟು ಎದ್ದಳು.

ಎರಡು ತಿಂಗಳಲ್ಲಿ ಹೊಸದು ತಯಾರಾಯಿತು. ಪರದೆಯೇ ಇಲ್ಲ. ನಾಲ್ಕು ಸಾವಿರ ಹಾಡು ಹೆಲ್ಮೆಟ್ಟಿನ ಒಳಗಿನ ಮೆಮೊರಿ ಚಿಪ್‌ನಲ್ಲೇ. ಕಿವಿ ಮುಚ್ಚಬಾರದಲ್ಲ, ಅದಕ್ಕೆ ಹಾಡು ಕೆನ್ನೆಯ ಮೂಳೆಯ ಮೂಲಕ ಕೇಳುತ್ತದೆ. ಹೆಲ್ಮೆಟ್ಟಿಗೆ ಒಮ್ಮೆ ಬಡಿದರೆ ಮುಂದಿನ ಹಾಡು, ಎರಡು ಸಲ ಬಡಿದರೆ ಅದೇ ಹಾಡು ಮತ್ತೊಮ್ಮೆ. ಬಂಡೆ ದಾಟಿ ಮೇಲಕ್ಕೆ ಹೋಗುವುದು ಹಾಡಿನ ನಂಬರು ಮಾತ್ರ, ಯಾವ ಹಾಡು ಎಷ್ಟು ಹೊತ್ತು ಓಡಿತೆಂದು ತಿಳಿಯಲಿಕ್ಕೆ. ಮೇಲಿನಿಂದಲೂ ಒಂದು ನಂಬರು ಕಳಿಸಬಹುದಿತ್ತು. ಅದು ದ್ಯಾವಮ್ಮನ ಹಟದಿಂದ ಸೇರಿದ್ದು.

“ನೀವು ಊರಿನ ಹಾಡೆಲ್ಲ ಕೇಳಿಸ್ತೀರಿ. ನಾ ಒಂದು ಕಳಿಸಬಾರ್ದೇನು?” ಎಂದಿದ್ದಳು ಅವಳು. ಹಾಗಾಗಿ ಪ್ರತಿ ಮನೆಯವರು ಪಾಳಿಗೊಂದು ಹಾಡನ್ನು ಫೋನಿನಿಂದ ಆರಿಸಿ ಕಳಿಸಬಹುದಾಯಿತು. ‘ಮನೆಯ ಹಾಡು’ ಎಂದು ಹೆಸರು. ಅದು ಬರುವ ಮುಂಚೆ ಹೆಲ್ಮೆಟ್ಟಿನಲ್ಲಿ ಸಣ್ಣದಾಗಿ ಗಂಟೆ ಬಾರಿಸುತ್ತಿತ್ತು.

ಇನ್ನೊಂದು ವಿಷಯ. ಇಂಥ ಸೇವೆಗಳಲ್ಲಿ ಬಹಳ ಹೊತ್ತು ಯಾರೂ ಮುಟ್ಟದಿದ್ದರೆ “ಇನ್ನೂ ಕೇಳುತ್ತಿದ್ದೀರಾ?” ಎಂದು ಯಂತ್ರ ವಿಚಾರಿಸುತ್ತದೆ. ಮಂದಾಕಿನಿ ಮೊದಲು ಅದನ್ನೂ ಇಟ್ಟಿದ್ದಳು. ಗಣಿಯವರೆಲ್ಲ ತಕರಾರು ತೆಗೆದರು. “ಕೇಳಾಕತ್ತೀವಿ ಅಂತ ತಾಸಿಗೊಮ್ಮೆ ತಲಿ ಬಡ್ಕೋಬೇಕೇನ್ರಿ?” ಎಂದ ಹುಲಿಗೆಪ್ಪ. ಅವಳು ಅದನ್ನು ತೆಗೆದುಹಾಕಿದಳು. ಒಂದು ಹಾಡು ಮುಗಿದರೆ ಇನ್ನೊಂದು ತಾನಾಗಿಯೇ ಶುರುವಾಗುತ್ತಿತ್ತು.

ನಿಯಂತ್ರಣ ಕೊಠಡಿಯ ಮುಖ್ಯಸ್ಥ ರೇವಣಸಿದ್ಧಯ್ಯನವರಿಗೆ ಇದು ಯಾವುದೂ ಹಿಡಿಸಲಿಲ್ಲ. ಕಲಬುರಗಿ ಕಡೆಯವರು, ಮೂವತ್ತು ವರ್ಷದ ಸರ್ವೀಸು, ತಮ್ಮ ಕಣ್ಣೆದುರೇ ಎರಡು ಕುಸಿತ ಕಂಡವರು. “ಮೇಡಂ, ಆ ಲೈನು ಜೀವ ಉಳಿಸ್ಲಿಕ್ಕೆ ಇಟ್ಟದ್ದದ. ನೀವು ಅದರಾಗ ಲಾವಣಿ ಕಳಿಸ್ತೀರಿ,” ಎಂದರು. ಕೊನೆಗೆ ಸುರಕ್ಷಾ ಸಂದೇಶ ಇಲ್ಲದಿದ್ದಾಗ ಮಾತ್ರ ಹಾಡಿನ ನಂಬರು ಹೋಗಬೇಕು ಎಂದು ಷರತ್ತು ಹಾಕಿ ಒಪ್ಪಿದರು. ಕೊಠಡಿಯ ಮೂಲೆಯಲ್ಲಿ ಅವಳಿಗೊಂದು ಕುರ್ಚಿ, ಒಂದು ಪರದೆ ಕೊಟ್ಟರು.

ಆರು ತಿಂಗಳು ಎಲ್ಲ ಸರಿಯಾಗಿ ನಡೆಯಿತು. ಮಂದಾಕಿನಿ ಹದಿನೈದು ದಿನಕ್ಕೊಮ್ಮೆ ಬಂದು ಹೋಗುತ್ತಿದ್ದಳು. ಗಂಡಸರು ಮನೆಗೆ ಬಂದು ಹಾಡಿನ ಬಗ್ಗೆಯಾದರೂ ಜಗಳ ಆಡತೊಡಗಿದ್ದರು. ಡಾಕ್ಟರಿಗೆ ಅದೇ ಸಮಾಧಾನ.

ಫೆಬ್ರುವರಿಯ ಒಂದು ಮಂಗಳವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ, ಮಂದಾಕಿನಿ ಆ ಕುರ್ಚಿಯಲ್ಲಿ ಕುಳಿತಿದ್ದಾಗ ನೆಲ ಒಮ್ಮೆ ನಡುಗಿತು. ಮೇಜಿನ ಮೇಲಿನ ಚಹಾ ತುಳುಕಿತು. ರೇವಣಸಿದ್ಧಯ್ಯ ಆಗಲೇ ಎದ್ದು ನಿಂತಿದ್ದರು.

ಇಪ್ಪತ್ತೆರಡನೇ ಲೆವೆಲ್ಲಿನಲ್ಲಿ ಬಂಡೆ ಸಿಡಿದಿತ್ತು. ಒಂದು ತಾಸಿನೊಳಗೆ ಎಲ್ಲರೂ ಮೇಲೆ ಬಂದರು, ಇಬ್ಬರನ್ನು ಬಿಟ್ಟು: ಹುಲಿಗೆಪ್ಪ, ಮತ್ತು ಅವನ ಜೊತೆಗಾರ ಖಾಜಾಹುಸೇನ. ಇಪ್ಪತ್ತೆಂಟು ವರ್ಷದ ಖಾಜಾಗೆ ಮದುವೆಯಾಗಿ ಒಂದು ವರ್ಷ. ಇಬ್ಬರೂ ಪೂರ್ವದ ಸುರಂಗದ ತುದಿಯಲ್ಲಿದ್ದರು. ಅಲ್ಲಿನ ಟೆಲಿಫೋನ್ ಕೇಬಲ್ ತುಂಡಾಗಿತ್ತು. ಸುರಕ್ಷಾ ಸಂದೇಶ ಕಳಿಸುವ ಪೆಟ್ಟಿಗೆ ಡ್ರಿಲ್ ಯಂತ್ರದಲ್ಲೇ ಇತ್ತು, ಯಂತ್ರ ಕಲ್ಲಿನಡಿ. ಪಾರುಗಾಣಿಕಾ ತಂಡ ಪೂರ್ವದ ಕಡೆಯಿಂದ ಕಲ್ಲು ತೆಗೆಯತೊಡಗಿತು.

“ಗಾಳಿ ಎಷ್ಟು ಹೊತ್ತು ಸಾಕಾಗ್ತದ?” ಯಾರೋ ಕೇಳಿದರು.

“ಒಂದೂವರೆ ದಿನ. ಇದ್ರ,” ಎಂದರು ರೇವಣಸಿದ್ಧಯ್ಯ.

ಅಷ್ಟು ಹೊತ್ತು ಲೈನು ತುಂಬಿದ್ದ ಸುರಕ್ಷಾ ಸಂದೇಶಗಳು ತೆರವಾದಾಗ ಮಂದಾಕಿನಿಯ ಪರದೆಯಲ್ಲಿ ಒಂದು ಸಾಲು ಮೂಡಿತು. ಹೆಲ್ಮೆಟ್ ಮೂವತ್ತೇಳು, ಹಾಡು ಆರುನೂರ ಹನ್ನೆರಡು.

“ಸರ್! ಹುಲಿಗೆಪ್ಪನ ಹೆಲ್ಮೆಟ್ಟು! ಹಾಡು ಬದಲಾತು!”

ಇಡೀ ಕೊಠಡಿ ಅವಳ ಬೆನ್ನ ಹಿಂದೆ ನಿಂತಿತು. ರೇವಣಸಿದ್ಧಯ್ಯ ಬಗ್ಗಿ ನೋಡಿದರು. “ಮನಷ್ಯಾ ಬದಲಿ ಮಾಡ್ಯಾನೋ, ಹಾಡು ಮುಗದು ತಾನ ಬದಲಾಗ್ಯದೋ?”

ಅವಳು ಲೆಕ್ಕ ನೋಡಿದಳು. ಹಿಂದಿನ ಹಾಡು ನಾಲ್ಕು ನಿಮಿಷ ಹನ್ನೊಂದು ಸೆಕೆಂಡಿನದು. ಸರಿಯಾಗಿ ಅಷ್ಟೇ ಹೊತ್ತು ಓಡಿ ಮುಗಿದಿತ್ತು. ಮುಂದಿನದೂ ಹಾಗೆಯೇ. ಅದರ ಮುಂದಿನದೂ. ಯಾರೂ ಮುಟ್ಟದ ಹೆಲ್ಮೆಟ್ಟು ಕತ್ತಲಲ್ಲಿ ತನ್ನಷ್ಟಕ್ಕೆ ಹಾಡಿಕೊಳ್ಳುತ್ತಿತ್ತು.

“ಇನ್ನೂ ಕೇಳುತ್ತಿದ್ದೀರಾ ಅಂತ ಕೇಳೋದೊಂದಿತ್ತು ಸರ್,” ಎಂದಳು ಮಂದಾಕಿನಿ. “ನಾನೇ ತೆಗೆದೆ.”

ಅವರು ಪಾರುಗಾಣಿಕಾ ತಂಡಕ್ಕೆ ಫೋನು ಮಾಡಲು ತಿರುಗಿದರು. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತೇನೋ.

ಅವಳು ಹೊರಗೆ ಬಂದಳು. ಗೇಟಿನ ಹತ್ತಿರ ಬೇವಿನ ಮರದ ಕೆಳಗೆ ಕಾಲೊನಿಯ ಹೆಂಗಸರು ಕೂತಿದ್ದರು. ದ್ಯಾವಮ್ಮ ಖಾಜಾನ ಹೆಂಡತಿಯ ಕೈ ಹಿಡಿದುಕೊಂಡಿದ್ದಳು. ಮಂದಾಕಿನಿ ಅವಳ ಪಕ್ಕ ಕುಕ್ಕರಿಸಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಹೆಲ್ಮೆಟ್ಟು ಹಾಡುತ್ತಿದೆ, ಆದರೆ ಕೇಳುವವರು ಇದ್ದಾರೋ ಇಲ್ಲವೋ ತಿಳಿಯುತ್ತಿಲ್ಲ.

ದ್ಯಾವಮ್ಮ ಕೇಳಿದಳು: “ನೀವು ಇಲ್ಲಿಂದ ಹಾಡು ಕಳಿಸಿದ್ರ ಹೋಗ್ತೈತೇನು?”

“ಹೋಗ್ತೈತಿ.”

“ಹಂಗಾರ ‘ಗುಲಾಬಿ ಪೇಟಾದ ಮಾವ’ ಹಾಕ್ರಿ.”

“ಅದು ಯಾಕ?”

“ನಮ್ಮ ಮದುವ್ಯಾಗ ಬ್ಯಾಂಡಿನವರು ಮೂರು ತಾಸು ಅದೊಂದ ಬಾರಿಸಿದ್ರು. ಅವತ್ತಿಂದ ಅದು ಕಿವಿಗೆ ಬಿದ್ರ ಇವರಿಗೆ ಮೈಯೆಲ್ಲ ಉರೀತೈತಿ. ಜೀವ ಒಂದು ಇದ್ರ, ಅದನ್ನ ಪೂರ್ತಿ ಕೇಳೂ ಮನಷ್ಯಾ ಅಲ್ಲ ಅವರು.”

ಮಂದಾಕಿನಿ ಅವಳನ್ನು ಕರೆದುಕೊಂಡೇ ಓಡಿದಳು. ನಿಯಂತ್ರಣ ಕೊಠಡಿಗೆ ಹೊರಗಿನವರಿಗೆ ಪ್ರವೇಶವಿಲ್ಲ. ರೇವಣಸಿದ್ಧಯ್ಯ ಇಬ್ಬರ ಮುಖ ನೋಡಿ ಕುರ್ಚಿ ಎಳೆದುಕೊಟ್ಟರು.

ನಂಬರು ಇಳಿಯಿತು. ಬಂಡೆ ದಾಟಲು ಮೂರು ಸೆಕೆಂಡು. ಅಲ್ಲಿ ಗಂಟೆ ಬಾರಿಸಿರಬೇಕು, ಬ್ಯಾಂಡು ಶುರುವಾಗಿರಬೇಕು. ನಾಲ್ಕು, ಐದು, ಆರು...

ಪರದೆಯಲ್ಲಿ ಹಾಡು ಬದಲಾಯಿತು.

ಕೊಠಡಿಯಲ್ಲಿ ಕೂಗೆದ್ದಿತು. ರೇವಣಸಿದ್ಧಯ್ಯ ಕೈ ಎತ್ತಿದರು. “ತಡೀರಿ. ಹೆಲ್ಮೆಟ್ಟಿನ ಮ್ಯಾಲ ಒಂದು ಸಣ್ಣ ಕಲ್ಲಿನ ಹಳ್ಳು ಬಿದ್ರೂ ಹಿಂಗೇ ಆಗ್ತದ. ಇನ್ನೊಮ್ಮೆ ಕಳಿಸ್ರಿ.”

ಇನ್ನೊಮ್ಮೆ ಕಳಿಸಿದರು. ಈ ಸಲ ಬ್ಯಾಂಡಿಗೆ ಎರಡು ಸೆಕೆಂಡು ಕೂಡ ಸಿಗಲಿಲ್ಲ.

“ಬೈಯಾಕತ್ಯಾರ ನನಗ,” ಎಂದು ದ್ಯಾವಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಳುತ್ತಿದ್ದಳೋ ನಗುತ್ತಿದ್ದಳೋ, ಎರಡೂ ಇತ್ತು.

ಮಂದಾಕಿನಿಗೆ ಕೂರಲಾಗಲಿಲ್ಲ. ಹಾಡು ಅಲ್ಲಿಯೂ ಇದೆ, ಇಲ್ಲಿಯೂ ಇದೆ. ಯಾವ ಕ್ಷಣಕ್ಕೆ ಶುರುವಾಯಿತೆಂದು ಗೊತ್ತು, ಯಾವ ಕ್ಷಣಕ್ಕೆ ನಿಂತಿತೆಂದೂ ಗೊತ್ತು. ಅಂದರೆ ಯಾವ ಮಾತಿನ ಮೇಲೆ ಅವನು ಬಡಿದ ಎಂಬುದೂ ಗೊತ್ತಾಗುತ್ತದೆ.

“ಅಕ್ಕಾ, ಎಣಿಸೋ ಹಾಡು ಯಾವುದಾದ್ರೂ ಐತೇನು? ಒಂದು, ಎರಡು ಅಂತ ಬರೋದು?”

ದ್ಯಾವಮ್ಮನಿಗೆ ಒಂದಲ್ಲ, ಐದು ಗೊತ್ತಿದ್ದವು. ಪಟ್ಟಿಯಲ್ಲಿ ಒಂದು ಸಿಕ್ಕಿತು. ಹೊಲಕ್ಕೆ ಬುತ್ತಿ ಒಯ್ಯುವ ಹುಡುಗಿಯರ ಹಾಡು: ‘ಒಬ್ಬಾಕಿ ಬಂದಾಳ ಓಣಿಯ ದಾಟಿ, ಇಬ್ಬರು ಬಂದಾರ ಹಳ್ಳವ ದಾಟಿ...’ ಅದನ್ನು ಕಳಿಸಿದರು. ಪೂರ್ತಿ ಓಡಿತು. ಯಾರೂ ಬಡಿಯಲಿಲ್ಲ.

“ಅವರಿಗೆ ತಿಳಿದಿಲ್ಲ,” ಎಂದಳು ಮಂದಾಕಿನಿ. “ಮತ್ತ ಅದನ್ನೇ ಕಳಸೋಣ. ನಾವು ಪ್ರಶ್ನೆ ಕೇಳಾಕತ್ತೀವಿ ಅನ್ನೋದು ತಿಳಿಬೇಕು.”

ನಾಲ್ಕು ಸಲ ಅದೇ ಹಾಡು. ನಾಲ್ಕನೆಯ ಸಲ ಎರಡನೇ ಸಾಲಿನಲ್ಲಿ, ‘ಇಬ್ಬರು’ ಎಂಬ ಮಾತು ಮುಗಿದ ಕೂಡಲೇ ಹಾಡು ನಿಂತಿತು. ಐದನೆಯ ಸಲವೂ ಅಲ್ಲೇ ನಿಂತಿತು.

ಇಬ್ಬರೂ ಇದ್ದಾರೆ. ದ್ಯಾವಮ್ಮ ಹೊರಗೆ ಓಡಿದಳು, ಖಾಜಾನ ಹೆಂಡತಿಗೆ ಹೇಳಲಿಕ್ಕೆ.

ಸಂಜೆಯ ಹೊತ್ತಿಗೆ ಮುಖ್ಯ ಪ್ರಶ್ನೆ ಉಳಿದಿತ್ತು. ಪೂರ್ವದ ಸುರಂಗದಲ್ಲಿ ನಿರೀಕ್ಷೆಗಿಂತ ಹೆಚ್ಚು ಕಲ್ಲು ಬಿದ್ದಿತ್ತು. ಇವರು ನಿಜಕ್ಕೂ ಎಲ್ಲಿದ್ದಾರೆ? ದ್ಯಾವಮ್ಮ ಯೋಚಿಸಿ ಒಂದು ಕೋಲಾಟದ ಪದ ಹೇಳಿದಳು: ‘ಮೂಡಲ ದಾರಿ ಹಿಡಿದ್ಯೇನೋ ಗೆಣೆಯಾ, ಪಡುವಲ ದಾರಿ ಹಿಡಿದ್ಯೇನೋ...’ ನಾಲ್ಕೂ ದಿಕ್ಕು ಬರುತ್ತಿದ್ದವು. ಕಳಿಸಿದರು.

‘ಪಡುವಲ’ದ ಮೇಲೆ ನಿಂತಿತು.

ರೇವಣಸಿದ್ಧಯ್ಯ ನಕ್ಷೆಯ ಮೇಲೆ ಬಗ್ಗಿದರು. ಪಡುವಣದ ಕಡೆ ಇಪ್ಪತ್ತು ವರ್ಷದ ಹಿಂದೆ ಅದಿರು ಮುಗಿದು ಬಿಟ್ಟ ಒಂದು ಪೊಳ್ಳು ಇತ್ತು. ಪೂರ್ವದ ಸುರಂಗದಿಂದ ಅದಕ್ಕೊಂದು ಹಳೆಯ ಅಡ್ಡದಾರಿ ಇತ್ತು, ಮೇಲಿನಿಂದ ಇಳಿಯಲು ಹಳೆಯ ಗಾಳಿ ಬಾವಿಯೊಂದು, ಈಗ ಮುಚ್ಚಿದ್ದು. ಯಂತ್ರಗಳನ್ನು ಅಲ್ಲಿಗೆ ಸಾಗಿಸಿದರೆ ಪೂರ್ವದ ಕೆಲಸ ನಿಂತುಹೋಗುತ್ತದೆ. ತಪ್ಪಾದರೆ ಮತ್ತೆ ಮೊದಲಿನಿಂದ ಶುರು ಮಾಡುವಷ್ಟು ಗಾಳಿ ಅವರಿಗಿಲ್ಲ.

“ಇನ್ನೊಮ್ಮೆ ಕೇಳ್ರಿ. ಎರಡು ಸಲ ಒಂದೇ ಉತ್ತರ ಬರಬೇಕು.”

ಇನ್ನೊಮ್ಮೆ ಕಳಿಸಿದರು. ಹಾಡು ಕೊನೆಯವರೆಗೆ ಓಡಿತು. ಮತ್ತೆ ಕಳಿಸಿದರು. ಬಡಿತವಿಲ್ಲ. ಎಣಿಸುವ ಹಾಡು ಕಳಿಸಿದರು. ಬ್ಯಾಂಡು ಕೂಡ ಕಳಿಸಿದರು. ಅದು ಮೊದಲಿನಿಂದ ಕೊನೆಯವರೆಗೆ ಬಾರಿಸಿ ಮುಗಿಯಿತು.

ಆ ಮೂರು ನಿಮಿಷ ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ರೇವಣಸಿದ್ಧಯ್ಯ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. “ಮೇಡಂ, ಒಂದ ಬಡಿತ. ಅದೊಂದ ಹಿಡಕೊಂಡು ಮಂದಿನ್ನೆಲ್ಲ ಪಡುವಣಕ್ಕ ತಿರುಗಿಸ್ಲೇನು? ಹಳ್ಳು ಬಿದ್ದಿದ್ರ?”

ಮಂದಾಕಿನಿ ಸುಳ್ಳು ಹೇಳಲಿಲ್ಲ. “ಖಾತ್ರಿ ಕೊಡೋಕಾಗಲ್ಲ ಸರ್. ಆದ್ರ ಅಷ್ಟು ಹಾಡಿನಾಗ ಹಳ್ಳು ಸರಿಯಾಗಿ ಆ ಮಾತಿನ ಮ್ಯಾಲೇ ಬೀಳೋದು ಕಷ್ಟ.”

ಅವರು ದ್ಯಾವಮ್ಮನ ಕಡೆ ತಿರುಗಿದರು. “ನೀ ಏನಂತಿ ತಾಯಿ?”

“ನಾ ಏನು ಹೇಳ್ಲಿ ಸಾಹೇಬ್ರ. ಹದಿನೆಂಟು ವರ್ಷ ಸಂಸಾರ ಮಾಡೀನಿ. ಅವರು ಬ್ಯಾಡಾದ್ದಕ್ಕ ಬಡೀತಾರ, ಬೇಕಾದ್ದಕ್ಕ ಬಡೀತಾರ. ಸುಮ್ಮಸುಮ್ಮನ ಎಂದೂ ಬಡದವರಲ್ಲ.”

ರೇವಣಸಿದ್ಧಯ್ಯ ಫೋನು ಎತ್ತಿದರು. “ಪೂರ್ವದ್ದು ನಿಲ್ಲಿಸ್ರಿ. ಹಳೇ ಗಾಳಿ ಬಾವಿಗೆ ಹೋಗ್ರಿ. ನನ್ನ ಮಾತು ಅಂತ ಬರಕೋರಿ.”

ಅಂದಿನ ಸಂಜೆಯಿಂದ ಮರುದಿನದವರೆಗೆ ಪರದೆಯಲ್ಲಿ ಒಂದು ಬಡಿತವೂ ಕಾಣಲಿಲ್ಲ. ದ್ಯಾವಮ್ಮ ಕುರ್ಚಿ ಬಿಟ್ಟು ಏಳಲಿಲ್ಲ. ಒಂದು ಹಾಡು ಮುಗಿದ ಕೂಡಲೇ ಇನ್ನೊಂದು ಹೇಳುತ್ತಿದ್ದಳು, ಮಂದಾಕಿನಿ ನಂಬರು ಹುಡುಕಿ ಕಳಿಸುತ್ತಿದ್ದಳು. ಬೀಸುವ ಪದ, ಭಜನೆ, ಸಿನಿಮಾ ಹಾಡು, ಖಾಜಾನ ಹೆಂಡತಿ ಹೇಳಿದ ಎರಡು ಕವ್ವಾಲಿ. ಸುರಕ್ಷಾ ಸಂದೇಶಗಳಿಗೆ ಮೊದಲ ಜಾಗ ಎಂಬ ಷರತ್ತನ್ನು ರೇವಣಸಿದ್ಧಯ್ಯ ತಾವೇ ಬದಿಗಿಟ್ಟರು.

ಮರುದಿನ ಮಧ್ಯಾಹ್ನ ಮೂರೂವರೆಗೆ ಗಾಳಿ ಬಾವಿಯ ತಳದಿಂದ ಕೊರೆದ ರಂಧ್ರ ಪೊಳ್ಳಿಗೆ ತೂರಿತು. ಆ ಕಡೆಯಿಂದ ಒಬ್ಬ ಗಂಡಸು ಕೂಗಿದ. ಐದು ಗಂಟೆಗೆ ಇಬ್ಬರನ್ನೂ ಮೇಲೆ ತಂದರು.

ಹುಲಿಗೆಪ್ಪ ತನ್ನ ಕಾಲ ಮೇಲೆ ನಡೆದು ಬಂದ. ತಲೆಯಲ್ಲಿ ಹೆಲ್ಮೆಟ್ಟಿರಲಿಲ್ಲ. ಅದು ಸ್ಟ್ರೆಚರಿನ ಮೇಲೆ ಮಲಗಿದ್ದ ಖಾಜಾನ ತಲೆಯಲ್ಲಿತ್ತು. ಖಾಜಾನ ಕಾಲು ಕಲ್ಲಿನಡಿ ಸಿಕ್ಕು ಮುರಿದಿತ್ತು, ಅವನ ಹೆಲ್ಮೆಟ್ಟು ಒಡೆದುಹೋಗಿತ್ತು.

“ಇವ ಕಣ್ಣು ಮುಚ್ಚಾಕತ್ತಿದ್ದ,” ಎಂದ ಹುಲಿಗೆಪ್ಪ, ಸುತ್ತ ನಿಂತವರಿಗೆ. “ಮಲಗಿದ್ರ ಏಳಂಗಿಲ್ಲ ಅನಿಸ್ತು. ಅದಕ್ಕ ಹಾಡು ಇವನಿಗೆ ಕೊಟ್ಟೆ. ಇವಗ ಕೈ ಎತ್ತಾಕ ಆಗವಲ್ದು. ನನಗ ಕೇಳಂಗಿಲ್ಲ. ಆದ್ರ ಇವ ತುಟಿ ಅಲ್ಲಾಡಿಸ್ತಿದ್ದ. ಹಾಡು ಬರಾಕತ್ತೈತಿ ಅಂತ ತಿಳ್ಕೊಂಡೆ.” ಆಮೇಲೆ ಹೆಂಡತಿಯ ಕಡೆ ನೋಡಿದ. ದ್ಯಾವಮ್ಮ ಅವನ ಮುಖದ ಧೂಳನ್ನು ಸೆರಗಿನಿಂದ ಒರೆಸಿದಳು, ಅಷ್ಟು ಜನರ ಎದುರಿಗೇ.

ವಿಚಾರಣೆ, ವರದಿಗಳು ನಡೆದವು. ಮಂದಾಕಿನಿ ತನ್ನ ವರದಿಯಲ್ಲಿ ತಾನು ತೆಗೆದುಹಾಕಿದ ಪ್ರಶ್ನೆಯ ಬಗ್ಗೆ ಮುಚ್ಚಿಡದೆ ಬರೆದಳು. ಹೆಲ್ಮೆಟ್ಟಿಗೆ ಹೊಸದಾಗಿ ಒಂದು ಸಂಕೇತ ಸೇರಿತು: ಮೂರು ಸಲ ಬಡಿದರೆ ‘ಇದ್ದೇನೆ’. ರೇವಣಸಿದ್ಧಯ್ಯ ಅದಕ್ಕೆ ಸುರಕ್ಷಾ ಲೈನಿನಲ್ಲೇ ಜಾಗ ಕೊಟ್ಟರು. ಆದರೆ ‘ಇದ್ದೇನೆ’ ಒಂದೇ ಸಾಲದು ಎಂದು ಎಲ್ಲರಿಗೂ ಅನಿಸಿತ್ತು. ಸಿಕ್ಕಿಬಿದ್ದವನು ಹೇಳಬೇಕಾದ ಮಾತು ಎಷ್ಟೋ ಇವೆ: ನೀರು ಬರುತ್ತಿದೆ, ಉಸಿರು ಕಟ್ಟುತ್ತಿದೆ, ಗಾಯವಾಗಿದೆ, ಬಿಸಿ ಇದೆ, ಎಡಕ್ಕೆ, ಬಲಕ್ಕೆ. ಇವೆಲ್ಲ ಒಂದೇ ಹಾಡಿನಲ್ಲಿ ಇದ್ದರೆ?

ಅಂಥ ಹಾಡು ಎಲ್ಲೂ ಇರಲಿಲ್ಲ. ಹಾಗಾಗಿ ಖಾನಾವಳಿಯಲ್ಲಿ, ಮಧ್ಯಾಹ್ನದ ಊಟ ಮುಗಿದ ಮೇಲೆ, ಹೆಂಗಸರು ಕೂತು ಕಟ್ಟಿದರು. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡ ಖಾಜಾ ಮೂಲೆಯಲ್ಲಿ ಕೂತು ಕೆಳಗೆ ಯಾವ ಮಾತು ಬೇಕಾಗುತ್ತದೆಂದು ಹೇಳುತ್ತಿದ್ದ. “ಒಂದೊಂದು ಮಾತಿನ ನಡುವ ಜಾಗ ಬಿಡ್ರಿ ಭಾಬಿ, ಬಡಿಯಾಕ ಹೊತ್ತು ಬೇಕು,” ಎನ್ನುತ್ತಿದ್ದ. ಮಂದಾಕಿನಿ ಮಾತುಗಳನ್ನು ಸಾಲಾಗಿ ಬರೆದುಕೊಟ್ಟಾಗ ದ್ಯಾವಮ್ಮ ಆ ಕಾಗದ ಪಕ್ಕಕ್ಕಿಟ್ಟಳು.

“ಇದು ಕಿರಾಣಿ ಚೀಟಿ ಆತು, ತಂಗಿ. ಹಾಡು ಚಂದ ಇರಬೇಕು. ಚಂದ ಇಲ್ಲಂದ್ರ ಸುಖದಾಗ ಇದ್ದಾಗ ಯಾರೂ ಕೇಳಂಗಿಲ್ಲ. ಸುಖದಾಗ ಕೇಳದ ಹಾಡು ಕಷ್ಟದಾಗ ನೆನಪಿಗೆ ಬರ್ತೈತೇನು?”

ನಾಲ್ಕು ಮಧ್ಯಾಹ್ನ ಹಿಡಿಯಿತು. ಬಾವಿಗೆ ಇಳಿದ ತಂಬಿಗೆಯನ್ನು ಊರೆಲ್ಲ ಹುಡುಕುವ ಹಾಡು. ತಂಬಿಗೆ ಎಲ್ಲೆಲ್ಲಿ ಹೊರಳಿತು, ಎಲ್ಲಿ ನೀರು ಕುಡಿಯಿತು, ಎಲ್ಲಿ ಉಸಿರು ಬಿಗಿಹಿಡಿಯಿತು, ಯಾವ ಮೈಗೆ ತಗ್ಗು ಬಿತ್ತು ಎಂದು ಬರುತ್ತಿತ್ತು. ಬೇಕಾದ ಮಾತೆಲ್ಲ ಇತ್ತು, ಆದರೆ ಯಾವುದೂ ಎದ್ದು ಕಾಣುತ್ತಿರಲಿಲ್ಲ.

ಮೈಕು ಮುಂದಿಟ್ಟರೆ ದ್ಯಾವಮ್ಮನಿಗೆ ಧ್ವನಿಯೇ ಹೊರಡಲಿಲ್ಲ. ಎರಡು ಸಲ ಕೆಮ್ಮಿ ಎದ್ದು ಒಲೆಯ ಮುಂದೆ ಹೋಗಿ ಕೂತಳು, ಹಿಟ್ಟು ತೆಗೆದುಕೊಂಡು ರೊಟ್ಟಿ ಬಡಿಯತೊಡಗಿದಳು. ರೊಟ್ಟಿ ಅಗಲವಾಗುತ್ತಿದ್ದಂತೆ ಹಾಡು ತಾನಾಗಿ ಬಂತು. ಮಂದಾಕಿನಿ ಸದ್ದಿಲ್ಲದೆ ಮೈಕನ್ನು ಅಲ್ಲಿಗೆ ಒಯ್ದಳು.

ಧ್ವನಿಮುದ್ರಣದವರು ರೊಟ್ಟಿ ಬಡಿಯುವ ಸದ್ದನ್ನು ತೆಗೆಯೋಣವೆಂದರು. ಮಂದಾಕಿನಿ ಬಿಡಲಿಲ್ಲ. ಆ ತಾಳ ಇದ್ದುದರಿಂದಲೇ ಯಾವ ಮಾತು ಯಾವಾಗ ಬರುತ್ತದೆಂದು ಕತ್ತಲಲ್ಲೂ ಅಂದಾಜು ಸಿಗುತ್ತಿತ್ತು.

ಹಾಡು ಎಲ್ಲ ಹೆಲ್ಮೆಟ್ಟುಗಳಿಗೂ ಹೋಯಿತು. ಮೊದಲ ವಾರ ಅಭ್ಯಾಸಕ್ಕೆಂದು ಕೇಳಿಸಿದರು. ಎರಡನೇ ವಾರದಿಂದ ಯಾರೂ ಹೇಳದೆಯೇ ಜನ ಕೇಳತೊಡಗಿದರು. ತಿಂಗಳು ಕಳೆಯುವಷ್ಟರಲ್ಲಿ ಅದು ಗಣಿಯ ಹೊರಗೂ ಹೋಗಿತ್ತು. ಬಳ್ಳಾರಿಯ ಲಾರಿಯವರು, ಇಳಕಲ್ಲಿನ ನೇಕಾರರು, ಗಣಿ ಎಂದರೇನೆಂದು ಗೊತ್ತಿಲ್ಲದ ಎಷ್ಟೋ ಮಂದಿ ಕೇಳುತ್ತಿದ್ದರು.

ಒಂದು ದಿನ ಮಂದಾಕಿನಿಯ ಮೇಲಧಿಕಾರಿ ಫೋನು ಮಾಡಿದರು. ಹಾಡು ಯಾವ ವಿಭಾಗದಲ್ಲೂ ಇಲ್ಲದೆ ಹಾಗೆಯೇ ಬಿದ್ದಿದೆ, ಜಾನಪದವೇ, ಸುರಕ್ಷೆಯೇ, ಏನೆಂದು ಹಾಕೋಣ ಎಂದು ಕೇಳಿದರು. ಅವಳು ಖಾನಾವಳಿಯಲ್ಲಿ ಊಟಕ್ಕೆ ಕೂತಿದ್ದಳು. ಫೋನು ಕಿವಿಯಲ್ಲಿಟ್ಟುಕೊಂಡೇ ಒಳಗೆ ಕೂಗಿ ಕೇಳಿದಳು.

“ಇದರಾಗ ಕೇಳೂದೇನೈತಿ?” ಎಂದಳು ದ್ಯಾವಮ್ಮ, ಹಂಚಿನ ಮೇಲಿನ ರೊಟ್ಟಿ ತಿರುವುತ್ತ. “ಕೆಲಸದ ಹಾಡು ಅಂತ ಬರೀರಿ.”